ಎಡಗಡೆಯ ಬ್ರೇಕು

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಮೇಷ್ಟ್ರು. ಇಪ್ಪತ್ತೇಳು ವರ್ಷ ಕಾರಿನ ಎಡಗಡೆಯ ಸೀಟಿನಲ್ಲಿ ಕೂತು ಹೊಟ್ಟೆ ಹೊರೆದವರು. ಇವತ್ತು ಗತ್ತಿನಿಂದ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವ ಡಾಕ್ಟರು, ವಕೀಲರು, ಬ್ಯಾಂಕಿನವರು ಎಲ್ಲರೂ ಒಂದು ಕಾಲಕ್ಕೆ ಅವರ ಪಕ್ಕ ಕೂತು ಬೆವರಿದವರೇ, ಅವರ ಕ್ಲಚ್ ಪ್ಲೇಟು ಸುಟ್ಟವರೇ. ಮೇಷ್ಟ್ರು ಯಾರಿಗೂ ಬೈಯುತ್ತಿರಲಿಲ್ಲ. ಗೇರು ಕರಕರ ಹಲ್ಲು ಕಡಿದರೂ "ಪರವಾಗಿಲ್ಲ, ಇನ್ನೊಂದು ಸಲ" ಅನ್ನುವರು. ಕಲಿಯಬೇಕೆನ್ನುವವರು ಫೋನು ಮಾಡಿದರೆ ಎತ್ತುತ್ತಿದ್ದದ್ದು ಅವರ ಹೆಂಡತಿ. "ಆರೂವರೆ ಖಾಲಿ ಇದೆ, ಬನ್ನಿ. ಭಯ ಬೇಡ, ಮೇಷ್ಟ್ರು ಯಾರಿಗೂ ಬೈಯಲ್ಲ" ಎಂದು ಆಕೆ ಇಪ್ಪತ್ತೇಳು ವರ್ಷವೂ ಹೇಳಿದ್ದಾಳೆ. ಕಲಿತವರೆಲ್ಲ ಆಕೆಯನ್ನು ಫೋನಕ್ಕ ಎಂದೇ ಕರೆಯುವುದು.

ಪಾಠದ ಕಾರಿಗೆ ಎಡಗಡೆಯಲ್ಲೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಎಡವಿದರೆ ಕಲಿಸುವವರು ಒತ್ತಲಿ ಅಂತ. ಮೇಷ್ಟ್ರ ಬಲಗಾಲು ಅದಕ್ಕೆ ಎಷ್ಟು ಒಗ್ಗಿಹೋಗಿತ್ತೆಂದರೆ, ಸಿನಿಮಾದಲ್ಲಿ ಕಾರು ಜೋರಾಗಿ ಬಂದರೂ ಅವರು ಮುಂದಿನ ಸೀಟಿನವರ ಬೆನ್ನಿಗೆ ಒದ್ದುಬಿಡುತ್ತಿದ್ದರು. ಹೆಂಡತಿ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಅಂಥವರು ಒಂದು ವಿಚಿತ್ರ ಪದ್ಧತಿ ಇಟ್ಟುಕೊಂಡಿದ್ದರು. ಪಾಠ ಇಪ್ಪತ್ತೊಂದು ದಿನ. ಕೊನೆಯ ದಿನ ಮೇಷ್ಟ್ರು ಚಪ್ಪಲಿ ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆತ್ತಿ, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿಬಿಡುವರು. "ನೋಡಮ್ಮ, ನನ್ನ ಕಾಲು ಇಲ್ಲಿದೆ. ಇನ್ಮೇಲೆ ಗಾಡಿ ನಿಂದು." ಕಾನೂನು ಒಪ್ಪುವ ಮಾತಲ್ಲ, ನನಗೂ ಗೊತ್ತು, ಅವರಿಗೂ ಗೊತ್ತಿತ್ತು. ಆದರೆ ಆ ಕಾಲು ಮೇಲೆದ್ದದ್ದನ್ನು ಕಂಡಾಗ ಕಲಿಯುವವರ ಬೆನ್ನು ನೆಟ್ಟಗಾಗುತ್ತಿತ್ತು. ಲೈಸೆನ್ಸು ಬಂದದ್ದನ್ನು ಮರೆತವರಿದ್ದಾರೆ, ಮೇಷ್ಟ್ರು ಕಾಲೆತ್ತಿದ ದಿನವನ್ನು ಮರೆತವರಿಲ್ಲ.

ಊರಿಗೆಲ್ಲ ಕಲಿಸಿದವರು ಹೆಂಡತಿಗೆ ಕಲಿಸಲಿಲ್ಲ. ಮದುವೆಯಾದ ವರ್ಷವೇ ಆಕೆ ಕೇಳಿದ್ದಳು. "ನಾನಿದ್ದೀನಲ್ಲ, ನಿನಗ್ಯಾಕೆ?" ಅಂದರು. ಆಮೇಲೆ ಕೇಳಿದಾಗಲೂ ಅದೇ ಉತ್ತರ. ಕೇಳುವುದನ್ನೇ ಬಿಟ್ಟಳು. ಆಕೆ ಐವತ್ತರ ಹೊಸ್ತಿಲಲ್ಲಿದ್ದಾಗ, ಒಂದು ದಿನ ಪಕ್ಕದ ಸೀಟಿನಲ್ಲಿ ಕೂತಿದ್ದ ಆಕೆಯ ಎಡಪಾದ, ಇವರು ಗೇರು ಬದಲಿಸುವ ಹೊತ್ತಿಗೆ ಸರಿಯಾಗಿ ಕ್ಲಚ್ ತುಳಿಯುವಂತೆ ನೆಲಕ್ಕೆ ಒತ್ತುವುದನ್ನು ಮೇಷ್ಟ್ರು ಓರೆಗಣ್ಣಿನಲ್ಲಿ ಕಂಡರು. ಅವರಿಗೆ ನಾಚಿಕೆಯಾಯಿತು. "ನಾಳೆ ಬೆಳಿಗ್ಗೆ ಆರೂವರೆ ಯಾರಿಗೆ ಕೊಟ್ಟಿದೀಯ?" ಎಂದು ಕೇಳಿದರು. "ಯಾರಿಗೂ ಇಲ್ಲ" ಎಂದಳು. "ಹಾಗಾದ್ರೆ ನೀನೇ ತಗೋ."

ಕುಳ್ಳಗಿದ್ದ ಆಕೆ ತಾನೇ ಹೊಲಿದ ದಪ್ಪ ದಿಂಬು ಹಾಕಿಕೊಂಡು, ಸೀಟನ್ನು ಮುಂದಕ್ಕೆಳೆದುಕೊಂಡು ಕೂತಳು. ಫೋನಿನಲ್ಲಿ ಶಿಷ್ಯರ ಪಾಠದ ಪುರಾಣ ಕೇಳಿ ಕೇಳಿ ಆಕೆಗೆ ಎಲ್ಲವೂ ಬಾಯಿಪಾಠ. ನಾಲ್ಕನೆಯ ದಿನಕ್ಕೆ ಗೇರು ಸದ್ದಿಲ್ಲದೆ ಬಿತ್ತು. ಮೇಷ್ಟ್ರು ಉಬ್ಬಿಹೋದರು. ಹನ್ನೊಂದನೆಯ ದಿನ, ಇನ್ನೂ ಹತ್ತು ಪಾಠ ಬಾಕಿ ಇರುವಾಗ, ಪೇಟೆ ಬೀದಿಯಲ್ಲೇ ಚಪ್ಪಲಿ ಬಿಚ್ಚಿ ಕಾಲು ಮೇಲೆತ್ತಿಕೊಂಡರು. ಜನ ನೋಡಲಿ ಅನ್ನುವ ಆಸೆ. ಬೇರೆ ಯಾರಿಗೂ ಹೀಗೆ ಅವಸರ ಮಾಡಿದವರಲ್ಲ.

ನಿಂತ ಲಾರಿಯ ಮರೆಯಿಂದ ಟೈಲರ್ ಒಬ್ಬರು ಬಟ್ಟೆಯ ಗಂಟು ಹೊತ್ತು ರಸ್ತೆಗಿಳಿದರು. ಆಕೆ ಬ್ರೇಕು ಒತ್ತಿದಳು. ಒಂದು ಗಳಿಗೆ ತಡವಾಯಿತು. ಕೆಳಗಿದ್ದಿದ್ದರೆ ಮೇಷ್ಟ್ರ ಕಾಲು ಅದಕ್ಕೂ ಮೊದಲೇ ಒತ್ತಿರುತ್ತಿತ್ತು. ಬಟ್ಟೆಯೆಲ್ಲ ಬಾನೆಟ್ಟಿನ ಮೇಲೆ ಹರಡಿಕೊಂಡಿತು, ಟೈಲರ್ ಚಕ್ರದ ಪಕ್ಕ ಬಿದ್ದಿದ್ದರು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಜನ ಸೇರಿದರು. ಮೇಷ್ಟ್ರು ಬರಿಗಾಲಲ್ಲಿ ಇಳಿದು ನಿಂತು, ಸ್ಟೀರಿಂಗಿನ ಹಿಂದೆ ನಡುಗುತ್ತಿದ್ದ ಹೆಂಡತಿಗೆ ಎಲ್ಲರೆದುರು ಹೇಳಿದರು: "ನಿನ್ನಂಥವಳ ಕೈಗೆ ಸ್ಟೀರಿಂಗ್ ಕೊಟ್ನಲ್ಲ, ಅದೇ ನಾನು ಮಾಡಿದ ತಪ್ಪು!" ಇಪ್ಪತ್ತೇಳು ವರ್ಷ ಯಾರಿಗೂ ಬೈಯದ ಮನುಷ್ಯ ಕೂಡಿಟ್ಟ ಬೈಗುಳವನ್ನೆಲ್ಲ ಆಕೆಗೇ ತೆಗೆದಿಟ್ಟಿದ್ದರೇನೋ. ಆಮೇಲೆ ಆ ಮಾತನ್ನು ಹಿಂದಕ್ಕೆ ತಗೊಳ್ಳಬಹುದಾಗಿತ್ತು, ತಗೊಳ್ಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ನೂಕಿದರು.

ಕಲಿಯುವವರು ತಪ್ಪಿದರೆ ಕಲಿಸುವವರದೇ ಹೊಣೆ ಎನ್ನುತ್ತದೆ ಕಾನೂನು. ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದರು, "ನಿಮ್ಮ ಕಡೆಗೂ ಬ್ರೇಕ್ ಇತ್ತಲ್ಲ?"

"ಇತ್ತು ಸ್ವಾಮಿ."

"ಕಾಲು ಎಲ್ಲಿತ್ತು?"

"ಸೀಟಿನ ಮೇಲೆ."

ಹಿಂದೆ ಯಾರೋ ಕಿಸಕ್ಕೆಂದರು. ದಂಡ ಬಿತ್ತು, ಒಂದು ವರ್ಷ ಲೈಸೆನ್ಸು ಹೋಯಿತು. ವಿಮೆ ಕಂಪನಿ ಟೈಲರ ಆಸ್ಪತ್ರೆಗೆ ಕೊಡಬೇಕಾದದ್ದನ್ನು ಕೊಟ್ಟು, ಇನ್ನು ನಿಮ್ಮ ಸಹವಾಸ ಸಾಕು ಎಂದು ಪಾಲಿಸಿ ರದ್ದು ಮಾಡಿತು. ಮೆಕ್ಯಾನಿಕ್ ಕಾರನ್ನು ಠಾಣೆಯಿಂದ ತಂದು ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ. ತೆಂಗಿನ ಮರದಷ್ಟು ಉದ್ದದ ಆಳು ಅವನು, ಸೀಟನ್ನು ತುದಿಯವರೆಗೂ ಹಿಂದಕ್ಕೆ ತಳ್ಳಿಕೊಂಡು ಬಂದಿದ್ದ. ಮೇಷ್ಟ್ರು ಅದರ ಮೇಲೆ ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು, ಬಿಚ್ಚಲಾಗದಂಥ ಗಂಟು ಹಾಕಿದರು.

ಆ ಒಂದು ವರ್ಷ ಜೆರಾಕ್ಸ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತರು. ದಾರಿಯಲ್ಲೇ ಟೈಲರ ಅಂಗಡಿ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಕಾಲು ಈಗ ಮರದ ಮಣೆಯ ಮೇಲೆ ಚಾಚಿಕೊಂಡಿರುತ್ತಿತ್ತು, ಯಂತ್ರಕ್ಕೆ ಮೋಟಾರು ಬಂದಿತ್ತು. ಟೈಲರ್ ಒಳ್ಳೆಯವರು, ತಲೆಯೆತ್ತಿ "ಆರಾಮಾ ಮೇಷ್ಟ್ರೇ?" ಅನ್ನುತ್ತಿದ್ದರು. ಅದಕ್ಕಿಂತ ಒಂದು ಕಲ್ಲು ಎಸೆದಿದ್ದರೆ ವಾಸಿಯಿತ್ತು.

ಮನೆಯಲ್ಲಿ ಹೆಂಡತಿ ಕಾರಿನ ಮಾತೆತ್ತುತ್ತಿರಲಿಲ್ಲ. ಒಮ್ಮೆ ಮೇಷ್ಟ್ರು ನೋಡಿದರೆ, ಟಾರ್ಪಾಲಿನ ಹಗ್ಗಕ್ಕೆ ತಮ್ಮ ಗಂಟಿಲ್ಲ, ಜಡೆಯ ರಿಬ್ಬನ್ನಿಗೆ ಹಾಕುವಂಥ ಸಡಿಲ ಕುಣಿಕೆ. ಕೇಳಿದ್ದಕ್ಕೆ "ಇಲಿ ಸೇರ್ಕೊಂಡಿದ್ಯೇನೋ ಅಂತ ನೋಡ್ದೆ" ಎಂದಳು. ಇನ್ನೊಮ್ಮೆ ತಮ್ಮ ಹಳೆಯ ಚಪ್ಪಲಿ ಕಾಣದೆ ಹುಡುಕಾಡಿದರು. "ಸವೆದು ಹೋಗಿದ್ವಲ್ಲ ರೀ, ಎತ್ತಿಟ್ಟೆ" ಎಂದಳು. ಎತ್ತಿಟ್ಟಿದ್ದು ಎಲ್ಲಿ ಎಂದು ಅವರು ಕೇಳಲಿಲ್ಲ.

ಲೈಸೆನ್ಸು ವಾಪಸು ಬಂತು. ಆದರೆ ವಿಮೆ ಇಲ್ಲದ ಕಾರು ಗೇಟು ದಾಟುವ ಹಾಗಿಲ್ಲ, ಕಾರಿಲ್ಲದೆ ಮೇಷ್ಟ್ರಿಗೆ ಬೇರೆ ವಿದ್ಯೆ ಗೊತ್ತಿಲ್ಲ. ವಿಮೆ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು ಹೊಸ ಚಪ್ಪಲಿಯೂ ಸವೆಯಿತು. ಎಲ್ಲ ಕಡೆಯೂ ಒಂದೇ ಫಾರಂ, ಅದರಲ್ಲಿ ಒಂದೇ ಪ್ರಶ್ನೆ: ಕಳೆದ ಐದು ವರ್ಷದಲ್ಲಿ ವಾಹನ ಚಾಲನೆಗೆ ಸಂಬಂಧಿಸಿದಂತೆ ಶಿಕ್ಷೆಯಾಗಿದೆಯೇ? ಮೇಷ್ಟ್ರು "ಹೌದು" ಎಂದು ಬರೆಯುವರು. ಮೇಜಿನಾಚೆ ಇರುವವರು ಹಳೆಯ ಶಿಷ್ಯರೇ ಆಗಿರುತ್ತಿದ್ದರು. ಕುರ್ಚಿ ಎಳೆದು ಕೂರಿಸಿ, ಕಾಫಿ ತರಿಸಿ, ಕಂಪ್ಯೂಟರ್ ನೋಡಿ, ಮುಖ ಸಣ್ಣದು ಮಾಡಿಕೊಂಡು "ಆಗಲ್ಲ ಮೇಷ್ಟ್ರೇ, ಇದು ತಗೊಳ್ಳಲ್ಲ" ಅನ್ನುವರು. ಒಬ್ಬ ಮೆಲ್ಲಗೆ "ಇಲ್ಲ ಅಂತ ಬರೆದುಬಿಡಿ, ಯಾರು ನೋಡ್ತಾರೆ?" ಎಂದ.

"ನಾಳೆ ಇನ್ನೊಬ್ಬ ಟೈಲರ್ ಬಿದ್ರೆ? ಸುಳ್ಳು ಬರೆದ ಪಾಲಿಸಿಯಿಂದ ಅವರ ಆಸ್ಪತ್ರೆಗೆ ಯಾರಪ್ಪ ಕೊಡ್ತಾರೆ?" ಎಂದು ಮೇಷ್ಟ್ರು ಎದ್ದು ಬಂದರು.

ಕೊನೆಗೆ ದಾರಿ ತೋರಿದ್ದು ಟೈ ಏಜೆಂಟ್. ಸುಡುಬಿಸಿಲಲ್ಲೂ ಟೈ ಬಿಚ್ಚದ ಆಸಾಮಿ, ಗೇರು ಕಲಿಯಲು ಇಪ್ಪತ್ತೊಂದು ದಿನ ಸಾಲದೆ ನಲವತ್ತು ದಿನ ತೆಗೆದುಕೊಂಡವನು. "ಒಂದು ಕಂಪನಿ ಒಪ್ಪಿದೆ ಮೇಷ್ಟ್ರೇ. ಕಂತು ಜಾಸ್ತಿ, ಅದಿರಲಿ. ಒಂದು ಷರತ್ತು ಇದೆ. ಆವತ್ತು ಗಾಡಿ ಓಡಿಸ್ತಿದ್ದವರು ಇನ್ಮೇಲೆ ಈ ಗಾಡಿ ಮುಟ್ಟೋ ಹಾಗಿಲ್ಲ, ಕಲಿಯೋದಕ್ಕೂ ಇಲ್ಲ. ಒಪ್ಪಿಗೆ ಅಂತ ಅವರೇ ಸಹಿ ಹಾಕ್ಬೇಕು. ಫೋನಕ್ಕನ್ನ ಒಂದು ಮಾತು ಕೇಳ್ಬಿಡಿ."

"ಕೇಳೋದೇನಯ್ಯ? ಅವಳು ಆ ಕಾರಿನ ಕಡೆ ತಿರುಗಿ ಕೂಡ ನೋಡಲ್ಲ. ಬರ್ಕೋ ನೀನು."

ಇಷ್ಟು ಹಗುರವಾಗಿ ಹೇಳಿಬಿಟ್ಟರು. ನನಗೆ ಮೇಷ್ಟ್ರ ಮೇಲೆ ಸಿಟ್ಟು ಬರುವುದು ರಸ್ತೆಯಲ್ಲಿ ಬೈದದ್ದಕ್ಕಲ್ಲ, ಇದಕ್ಕೆ. ಗಾಬರಿಯಲ್ಲಿ ಯಾರ ನಾಲಿಗೆಯೂ ಜಾರಬಹುದು. ಇಲ್ಲಿ ಕುರ್ಚಿಯಲ್ಲಿ ಕೂತು, ಕಾಫಿ ಕುಡಿಯುತ್ತ, ಆಕೆಯ ಪರವಾಗಿ ಉತ್ತರ ಕೊಟ್ಟರು.

ಮನೆಗೆ ಬಂದಾಗ ಆಕೆ ಒಗೆದ ಬಟ್ಟೆ ಮಡಚುತ್ತಿದ್ದಳು. ಕಾಗದವನ್ನು ಬಟ್ಟೆಯ ಮೇಲೇ ಇಟ್ಟುಕೊಂಡು ಪೂರ್ತಿ ಓದಿದಳು.

"ಈ ವರ್ಷಕ್ಕೆ ಮಾತ್ರಾನಾ?"

"ಪಾಲಿಸಿ ಇರೋವರೆಗೂ. ಇವರನ್ನ ಬಿಟ್ರೆ ಬೇರೆ ಯಾರೂ ಕೊಡಲ್ಲ."

"ಬೇರೆ ಕಾರು..." ಎಂದು ಶುರುಮಾಡಿದವಳು ನಿಲ್ಲಿಸಿದಳು. "ಎಲ್ಲಿ ಹಾಕ್ಬೇಕು?"

ಅವರು ಬೆರಳಿಟ್ಟು ತೋರಿಸಿದರು. ಆಕೆ ಒತ್ತಿ ಒತ್ತಿ ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ ಕೊಟ್ಟು, ಮತ್ತೆ ಬಟ್ಟೆ ಮಡಚಿದಳು. ಅರ್ಧಕ್ಕೆ ನಿಂತ ಆ ಮಾತೇನು ಎಂದು ಮೇಷ್ಟ್ರು ಆಗಲೂ ಕೇಳಲಿಲ್ಲ. ಅವರ ತಲೆ ತುಂಬ ಕಾರೇ ಇತ್ತು.

ಪಾಲಿಸಿ ಬಂತು. ಮೆಕ್ಯಾನಿಕ್ ಬೆಳಿಗ್ಗೆ ಆರೂಕಾಲಿಗೆ ಹೊಸ ಬ್ಯಾಟರಿ ತರುವೆನೆಂದ. ಆರೂವರೆಗೆ ಮೊದಲ ಶಿಷ್ಯೆ, ಆಸ್ಪತ್ರೆಯ ನರ್ಸ್. ಮೇಷ್ಟ್ರು ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ ಆರಕ್ಕೇ ಶೆಡ್ಡಿಗೆ ಹೋದರು. ಹಗ್ಗಕ್ಕೆ ಮತ್ತೆ ಅದೇ ರಿಬ್ಬನ್ ಕುಣಿಕೆ, ಎಳೆದ ಕೂಡಲೇ ಬಿಚ್ಚಿಕೊಂಡಿತು. ಟಾರ್ಪಾಲು ಸರಿಸಿ ಬಾಗಿಲು ತೆರೆದರು.

ಡ್ರೈವರ್ ಸೀಟು ತುದಿಯವರೆಗೂ ಮುಂದಕ್ಕಿತ್ತು. ಅದರ ಮೇಲೆ ದಪ್ಪ ದಿಂಬು.

ಮೇಷ್ಟ್ರು ಬಾಗಿಲು ಹಿಡಿದು ನಿಂತರು. ಡ್ಯಾಶ್‌ಬೋರ್ಡಿನ ಎಡಗಡೆ ಬೆರಳಷ್ಟು ದೂಳು. ಸ್ಟೀರಿಂಗಿನ ಮೇಲೆ ಒಂದು ಕಣವಿಲ್ಲ. ಗೇರಿನ ಹಿಡಿ ಕೈಯಾಡಿ ಮಿನುಗುತ್ತಿತ್ತು, ಕ್ಲಚ್ಚಿನ ರಬ್ಬರು ಬರಿಗಾಲಿನ ಒತ್ತಡಕ್ಕೆ ನುಣ್ಣಗಾಗಿತ್ತು. ಅವರು ಜೆರಾಕ್ಸ್ ಅಂಗಡಿಯಲ್ಲಿ ನಿಂತಿರುತ್ತಿದ್ದ ಮಧ್ಯಾಹ್ನಗಳಲ್ಲಿ, ಈ ಟಾರ್ಪಾಲಿನ ಕತ್ತಲಲ್ಲಿ, ಕದಲದ ಕಾರಿನಲ್ಲಿ ಕೂತು ಆಕೆ ಬಾಕಿ ಉಳಿದ ಹತ್ತು ಪಾಠವನ್ನು ಒಬ್ಬಳೇ ಕಲಿತುಕೊಂಡಿದ್ದಳು. ಹತ್ತೇನು, ನೂರಾರು ಪಾಠ.

ಎಡಗಡೆಯ ಸೀಟಿನ ಮುಂದೆ, ಕಾಲಿಡುವಲ್ಲಿ ಬಗ್ಗಿ ನೋಡಿದರು. ಅವರ ಹಳೆಯ ಚಪ್ಪಲಿ ಅಲ್ಲಿತ್ತು. ಜೋಡಿಯಾಗಿ, ಬಲಗಾಲಿನದು ಸರಿಯಾಗಿ ಬ್ರೇಕಿನ ಮೇಲೆ.

ತಿರುಗಿದರೆ ಹಿತ್ತಲ ಬಾಗಿಲಲ್ಲಿ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಹೇಳ್ಬಾರ್ದಾಗಿತ್ತೇನೇ?" ಎಂದರು.

"ಹೇಳೋದು ಏನಿತ್ತು? ಆವತ್ತು ನೀವು ಕಾಗದ ತರೋ ಮೊದಲೇ ಏಜೆಂಟ್ ಫೋನ್ ಮಾಡಿದ್ದ. ನೀವು ಒಪ್ಕೊಂಡ್ರಿ ಅಂದ."

"ನಾನು ಕೇಳಿದ್ರೆ ನೀನು ಏನಂತಿದ್ದೆ?"

"ಸಹಿ ಹಾಕೇ ಹಾಕ್ತಿದ್ದೆ ರೀ. ನಿಮಗೆ ಈ ಕಾರು ಬಿಟ್ರೆ ಏನಿದೆ? ಆದ್ರೂ ಒಂದು ಮಾತು ಕೇಳಿದ್ರೆ ಚೆನ್ನಾಗಿರ್ತಿತ್ತು."

ಮೇಷ್ಟ್ರು ಎಡಗಡೆಯ ಬಾಗಿಲು ತೆಗೆದು ಕೂತರು. ಹೊಸ ಚಪ್ಪಲಿ ಬಿಚ್ಚಿ ಹಳೆಯದರಲ್ಲಿ ಕಾಲು ತೂರಿಸಿದರು. ಕಾಲನ್ನು ಮೇಲೆತ್ತಲಿಲ್ಲ, ಬ್ರೇಕಿನ ಮೇಲಿಟ್ಟರು. "ಬಾರೇ. ಒಂದೇ ಒಂದು ಸಲ ಕೂತ್ಕೋ. ಬ್ಯಾಟರಿ ಕೂಡ ಇಲ್ಲ, ಗಾಡಿ ಎಲ್ಲಿಗೂ ಹೋಗಲ್ಲ. ಆವತ್ತು ತಪ್ಪು ನಂದು. ಆ ಮಾತು ನಾನು ಆಡ್ಬಾರ್ದಿತ್ತು."

ಹದಿನಾಲ್ಕು ತಿಂಗಳು ನಾಲಿಗೆಯ ತುದಿಯಲ್ಲೇ ಇದ್ದ ಮಾತು ಕಡೆಗೂ ಹೊರಬಿತ್ತು. ಆಕೆ ಶೆಡ್ಡಿನವರೆಗೆ ಬಂದಳು. ಡ್ರೈವರ್ ಬಾಗಿಲಿನಿಂದ ಒಳಕ್ಕೆ ಬಗ್ಗಿದಳು. ಕೂತಾಳು ಎಂದುಕೊಂಡರು ಮೇಷ್ಟ್ರು. ಆಕೆ ದಿಂಬನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಮುಟ್ಟಲ್ಲ ಅಂತ ಬರೆದುಕೊಟ್ಟಿದೀನಲ್ಲ ರೀ," ಎಂದಳು. ಕೋಪ ಇರಲಿಲ್ಲ. "ಸೀಟು ಹಿಂದಕ್ಕೆ ತಳ್ಳಿಡಿ. ಆ ನರ್ಸ್ ಉದ್ದ ಇದಾರೆ, ಕಾಲು ಹಿಡಿಸಲ್ಲ."

ಮೇಷ್ಟ್ರು ಸುತ್ತಿ ಬಂದು ಸೀಟಿನ ಕೆಳಗಿನ ಸರಳು ಎತ್ತಿದರು. ಒಂದು ವರ್ಷ ಮುಂದಕ್ಕೇ ನಿಂತಿದ್ದ ಸೀಟು ಸುಲಭಕ್ಕೆ ಕದಲಲಿಲ್ಲ. ಎರಡೂ ಕೈ ಕೊಟ್ಟು ತಳ್ಳಬೇಕಾಯಿತು. ಗೇಟಿನ ಬಳಿ ಮೆಕ್ಯಾನಿಕ್‌ನ ಬೈಕು ನಿಂತಿತು, ಅವನ ಹಿಂದೆಯೇ ನರ್ಸ್ ಕೈಚೀಲ ಅವುಚಿಕೊಂಡು ಬಂದರು.

ಒಳಗೆ ಫೋನು ರಿಂಗಾಯಿತು. ಎರಡನೆಯ ರಿಂಗಿಗೆ ಆಕೆ ಎತ್ತಿಕೊಂಡಳು. "ಹೂಂ, ಇವತ್ತಿಂದ ಶುರುವಾಗಿದೆ. ಏಳೂವರೆ ಖಾಲಿ ಇದೆ, ಬನ್ನಿ. ಭಯ ಬೇಡ, ಮೇಷ್ಟ್ರು ಯಾರಿಗೂ ಬೈಯಲ್ಲ."