ಜಾಬರ್ ಮಾಮಾನ ತುಟಿಮಾತು

ಜಾಬರ್ ಮಾಮಾ ಮೀಸೆಯನ್ನು ಮೇಲ್ದುಟಿಯಿಂದ ಅರ್ಧ ಬೆರಳು ಮೇಲಕ್ಕೇ ಕತ್ತರಿಸಿ ನಿಲ್ಲಿಸುತ್ತಿದ್ದರು. ಶೋಕಿಗಲ್ಲ. ಮಹಾರಾಷ್ಟ್ರದ ಇಚಲಕರಂಜಿಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಆ ಗದ್ದಲಕ್ಕೆ ಕಿವಿ ಇದ್ದೂ ಇಲ್ಲದ ಹಾಗೆ. ಒಬ್ಬರ ಮಾತನ್ನು ಇನ್ನೊಬ್ಬರು ತುಟಿ ನೋಡಿಯೇ ತಿಳಿಯಬೇಕು. ಮೀಸೆ ಇಳಿದರೆ ಮಾತು ಮುಚ್ಚಿಹೋಗುತ್ತದೆ ಅನ್ನುವುದು ಅವರ ವಾದ.

ಮಗ್ಗ ಕೆಟ್ಟಾಗ ರಿಪೇರಿ ಮಾಡುವವರೇ ಜಾಬರ್. ನನಗೆ ಮಗ್ಗ ನಡೆಸಲು ಕಲಿಸಿದವರು ಅವರು. ಅದರ ಉಪಕಾರಕ್ಕೆ ನಾನು ಚಹಾದ ಹೊತ್ತಿನಲ್ಲಿ ಅವರ ದನಿ ತೆಗೆದು ಜನರನ್ನು ನಗಿಸುತ್ತಿದ್ದೆ: ಮೂಗಿನಿಂದ ಹೊರಟು, ನಡುವೆ ಕೆಮ್ಮಿಗೆ ನಿಂತು, ಕೊನೆಗೆ ಮರಾಠಿಗೆ ಇಳಿಯುವ ದನಿ. ಮಾಲೀಕರದ್ದು, ಕಂಡಕ್ಟರನದ್ದು, ನಮ್ಮವ್ವನದ್ದು, ಎಲ್ಲರ ದನಿಯೂ ನನಗೆ ಬರುತ್ತದೆ. ನನ್ನದನ್ನು ಮಾತ್ರ ಯಾರೂ ಕೇಳಬಯಸಿಲ್ಲ. ಕೇಳುವಂಥದ್ದೂ ಅಲ್ಲ ಬಿಡಿ.

“ನನಗಿಂತ ನೀನ ಚಲೋ ನನ್ನಂಗ ಮಾತಾಡ್ತಿ. ನಾಳೆ ನನ್ನ ಪಾಳಿಗೂ ನೀನ ಬಾ,” ಅನ್ನುತ್ತಿದ್ದರು ಮಾಮಾ.

ಗುಜರಿಗೆ ಹೊರಟ ಮಗ್ಗವನ್ನು ಗಾಡಿಯಿಂದ ಇಳಿಸಿಕೊಂಡು ನಡೆಸಿದ ಮನುಷ್ಯ. ಅಂಥವರಿಗೆ ನರಗಳ ರೋಗ ಬಂತು. ಮೊದಲು ಕೈಯಿಂದ ನಟ್ಟು ಬಿಗಿಯುವ ಪಾನಾ ಜಾರಿತು, ಆಮೇಲೆ ಕಾಲು ಸೋತಿತು, ಆಮೇಲೆ ದನಿ ಹೋಯಿತು. ತುಟಿ ಅಷ್ಟಿಷ್ಟು ಉಳಿಯಿತು. ಔಷಧವಿಲ್ಲ, ಮುಂದೆ ಉಸಿರೂ ಸೋಲುತ್ತದೆ, ಆಗ ಗಂಟಲಿಗೆ ತೂತು ಮಾಡಿ ಮೆಷೀನ್ ಹಚ್ಚಬೇಕಾದೀತು ಎಂದರು ಕೊಲ್ಹಾಪುರದ ಡಾಕ್ಟರು. ಮಾಮಿ ಶೆಡ್ಡಿಗೆ ಕಾಲಿಟ್ಟವರಲ್ಲ, ತುಟಿ ಓದಲು ಬಾರದು. ಪಾಳಿ ಮುಗಿಸಿ ಹೋಗಿ ಗಂಡನ ಮಾತನ್ನು ಹೆಂಡತಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು.

ಒಂದು ಸಂಜೆ ಮಾಮಾನ ತುಟಿ ಹೇಳಿತು: “ಸೂಜಿ ಹಾಕಿ ಮುಗಿಸ್ತಾರೇನು ಕೇಳು. ಇಲ್ಲಂದ್ರ ಮೆಷೀನ್ ಅಂತೂ ಹಚ್ಚಬ್ಯಾಡ್ರಿ.”

“ಏನಂದ್ರು?” ಎಂದರು ಮಾಮಿ.

“ಚಹಾ ಬೇಕಂತ್ರಿ.”

ಮಾಮಾನ ದನಿ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಮಾಮಿ ಚಮಚದಿಂದ ಹನಿಹನಿಯಾಗಿ ಚಹಾ ಕುಡಿಸಿ ಮುಗಿಸುವವರೆಗೂ ಮಾಮಾ ನನ್ನನ್ನೇ ದಿಟ್ಟಿಸಿದರು. ಆಮೇಲೆ ತುಟಿಯಲ್ಲೇ ಬೈದದ್ದನ್ನು ನಾನು ಯಾರಿಗೂ ಮುಟ್ಟಿಸಿಲ್ಲ.

ಮರುದಿನ ನಿಜ ಹೇಳಿದೆ. “ಇದರಾಗೂ ನಿನ್ನ ನಕಲಿ ಏನೋ?” ಎಂದರು ಮಾಮಿ. ಮಾಮಾ ಕಣ್ಣು ಮುಚ್ಚಿ ತೆರೆದು, ಅದು ತಮ್ಮದೇ ಮಾತು ಎಂದರು. ಡಾಕ್ಟರನ್ನು ಕೇಳಿದೆವು. ಸೂಜಿಗೆ ಕಾಯ್ದೆಯಲ್ಲಿ ಜಾಗವಿಲ್ಲ, ಮೆಷೀನ್ ಬೇಡವೆಂದು ಮೊದಲೇ ಸಾಕ್ಷಿ ಇಟ್ಟು ಬರೆಸಬಹುದು ಎಂದರು. “ಸಾಯೂ ಕಾಗದಾ ನನ್ನ ಮನ್ಯಾಗ ಬರಂಗಿಲ್ಲ,” ಎಂದರು ಮಾಮಿ.

ಶೆಡ್ಡಿನಲ್ಲೂ ವಾದ ಎದ್ದಿತು. ನಮ್ಮ ಜೈನ ಮಾಲೀಕರು ತಮ್ಮ ಅಜ್ಜಿ ಸಲ್ಲೇಖನ ವ್ರತ ಹಿಡಿದು ಅನ್ನ ನೀರು ಬಿಟ್ಟು ಪ್ರಾಣ ಬಿಟ್ಟದ್ದನ್ನು ಹೇಳಿ, “ಅದು ಬ್ಯಾರೆ, ಇದು ಬ್ಯಾರೆ,” ಎಂದರು. ಹೆಂಗ್ರಿ ಬ್ಯಾರೆ ಎಂದು ಕೇಳಿದ್ದಕ್ಕೆ, “ಮಗ್ಗಾ ಚಾಲೂ ಮಾಡು,” ಎಂದರು. ನಾನು ಎರಡೂ ಕಡೆಯವರ ದನಿ ತೆಗೆದು ವಾದಿಸಿ ನೋಡಿದೆ. ಇಬ್ಬರೂ ಗೆದ್ದರು.

ಮಾಮಾನನ್ನೇ ಕೇಳಿದೆ: “ಗುಜರಿ ಮಗ್ಗಾನೂ ಬಿಟ್ಟವ್ರಲ್ಲ ನೀವು. ಈಗ ಯಾಕ್ರಿ ಹಿಂಗ?”

“ಮಗ್ಗಕ್ಕ ನೋವಾಗಂಗಿಲ್ಲೋ ಹುಚ್ಚಾ.”

ಹಾಗಂದವರೇ ಮರುಗಳಿಗೆ, ನಾಳೆ ಹುಗ್ಗಿ ಮಾಡಾಕ ಹೇಳು ಎಂದರು. ಸಾಯಬೇಕು ಅನ್ನುವವರು ನಾಳೆಯ ಹುಗ್ಗಿ ಯಾಕೆ ಕೇಳುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

ಉಸಿರು ಸಿಕ್ಕಿಕೊಂಡದ್ದು ಒಂದು ಮಧ್ಯಾಹ್ನ. ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಮಾಸ್ಕ್ ಬಿಗಿದಿದ್ದರು. ಮಾಮಾ ಕಣ್ಣು ಅರ್ಧ ಮುಚ್ಚಿ ಮಂಪರಿನಲ್ಲಿದ್ದರು. ಮೆಷೀನ್ ಹಚ್ಚುವುದೋ ಬೇಡವೋ ಈಗಲೇ ಹೇಳಿ ಎಂದರು ಡಾಕ್ಟರು. ಮಾಸ್ಕಿನೊಳಗೆ ತುಟಿ ಅಲುಗುತ್ತಿತ್ತು, ಆದರೆ ಆವಿ ಕಟ್ಟಿ ಮಸುಕು. ತೆಗೆದರೆ ಉಸಿರಿಲ್ಲ, ತೆಗೆಯದಿದ್ದರೆ ಮಾತಿಲ್ಲ.

ಮಾಮಿ ನನ್ನ ತೋಳು ಹಿಡಿದರು. “ಏನನ್ನಾಕತ್ತಾರೋ?”

“ಕಾಣವಲ್ದ್ರಿ ಮಾಮಿ.”

“ಮದಲ ಏನಂದಿದ್ರು ಅದನ್ನ ಹೇಳು. ಅವರಂಗ ಹೇಳು.”

ಹೇಳಿದೆ. ಮೂಗಿನಿಂದ ಹೊರಟಿತು, ನಡುವೆ ಕೆಮ್ಮಿಗೆ ನಿಂತಿತು. “ಮೆಷೀನ್ ಹಚ್ಚಬ್ಯಾಡ್ರಿ. ಆತಾ ಪುರೇ.”

ಇನ್ನು ಸಾಕು ಅನ್ನುವ ಆ ಕೊನೆಯ ಮರಾಠಿ ಮಾತನ್ನು ಮಾಮಾನ ತುಟಿಯಲ್ಲಿ ನಾನು ಎಂದೂ ಓದಿದ್ದಿಲ್ಲ. ಅವರ ದನಿ ಮರಾಠಿಗೆ ಇಳಿಯಬೇಕಲ್ಲ, ರೂಢಿಯ ಬಾಯಿ ತಾನೇ ಸೇರಿಸಿಬಿಟ್ಟಿತು. ಮಾಮಿ ನನ್ನ ತೋಳು ಬಿಟ್ಟು, ಮೆಷೀನ್ ಬೇಡವೆಂದು ಸಹಿ ಮಾಡಿದರು. ಸಂಕಟ ತಿಳಿಯದಂತೆ ಡಾಕ್ಟರು ಔಷಧ ಕೊಟ್ಟರು. ಸಂಜೆಗೆ ಮಾಮಾ ಹೋದರು.

ಹೋದ ವಾರ ಊಟಕ್ಕೆ ಬಡಿಸುತ್ತ ಮಾಮಿ ಅಂದರು: “ಕಡೀಕ ಅವರು ಆತಾ ಪುರೇ ಅಂದ್ರು ನೋಡು, ಆವಾಗ ನನಗ ಖಾತ್ರಿ ಆತು.”

ಆ ಮಾತು ನಾನು ಸೇರಿಸಿದ್ದೆಂದು ಹೇಳಿಬಿಡಬೇಕೆಂದೇ ಹೋಗಿದ್ದೆ. ಮತ್ತೆರಡು ರೊಟ್ಟಿ ಹಾಕಿಸಿಕೊಂಡು ತಿಂದು ಬಂದೆ.