ಮಗಳ ಹಾಡು ಕೇಳಲು ಹೋದ ಆಂಟಿ

ಆಂಟಿಯ ಗದ್ದದ ಮೇಲೆ ಮೂರು ಹಸಿರು ಹಚ್ಚೆಯ ಚುಕ್ಕೆಗಳಿದ್ದವು. ಗದಗಿನಲ್ಲಿ ಅವರಜ್ಜಿ ಹಟ ಹಿಡಿದು ಚಿಕ್ಕಂದಿನಲ್ಲೇ ಹಾಕಿಸಿದ್ದಂತೆ. ಅಳು ನುಂಗಿಕೊಳ್ಳುವಾಗ ಅವರ ಮುಖದಲ್ಲಿ ಬೇರೇನೂ ಅಲುಗುತ್ತಿರಲಿಲ್ಲ; ಆ ಚುಕ್ಕೆಗಳು ಮಾತ್ರ ಒಂದಕ್ಕೊಂದು ಹತ್ತಿರ ಸರಿಯುತ್ತಿದ್ದವು.

ಲಾಸ್ ಏಂಜಲೀಸ್‌ನಿಂದ ಎರಡು ಗಂಟೆ ದೂರದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ೨೦೨೦ರಲ್ಲಿ ನಮ್ಮಪ್ಪ ಬೆಂಗಳೂರಿನಲ್ಲಿ ತೀರಿಕೊಂಡಾಗ ವಿಮಾನಗಳು ನಿಂತಿದ್ದವು. ಫೋನಿನ ಪರದೆಯಲ್ಲೇ ಚಿತೆ ನೋಡಿದೆ. ಆವತ್ತು ಆಂಟಿ ಮಾಸ್ಕ್ ಹಾಕಿಕೊಂಡು ಬಂದು, ನಮ್ಮ ಗರಾಜಿನ ಬಾಗಿಲಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಮಧ್ಯಾಹ್ನದವರೆಗೆ ಅಲ್ಲೇ ಇದ್ದರು. ಏಳುವಾಗ, “ರೊಟ್ಟಿ, ಪಲ್ಯ ಇಟ್ಟೀನವಾ. ಉಣ್ಣಬೇಕು ಅನಿಸಿದಾಗ ಉಣ್ಣು,” ಅಂದರು. ಅಷ್ಟೇ. ಆ ದಿನದ ನೂರಾರು ಸಾಂತ್ವನಗಳಲ್ಲಿ ನನಗೆ ನೆನಪಿರುವುದು ಅದೊಂದೇ.

ಅವರಿಗೆ ಒಬ್ಬಳೇ ಮಗಳು. ಫಾರ್ಮಸಿ ಓದನ್ನು ಅರ್ಧಕ್ಕೆ ಬಿಟ್ಟು ಲಾಸ್ ಏಂಜಲೀಸ್ ಸೇರಿದ್ದಳು. ಅಲ್ಲೊಂದು ಸಣ್ಣ ರೆಸ್ಟೋರೆಂಟಿನಲ್ಲಿ ಜಾಝ್ ಹಾಡುತ್ತಿದ್ದಳು. ಅಂದಿನಿಂದ ಅಂಕಲ್ ಮಗಳ ಜೊತೆ ಮಾತು ಬಿಟ್ಟಿದ್ದರು. ಆಂಟಿಗೆ ಒಮ್ಮೆ ಹೋಗಿ ಕೇಳುವ ಆಸೆ. ಆದರೆ ಅವರು ಕಾರು ಓಡಿಸುತ್ತಿದ್ದದ್ದು ಅಂಗಡಿಯವರೆಗೆ, ದೇವಸ್ಥಾನದವರೆಗೆ. ವೇಗದ ಹೆದ್ದಾರಿ, ಫ್ರೀವೇ, ಎಂದರೆ ಹೆದರಿಕೆ. ಹಾಗಾಗಿ ಮಗಳು ಫೋನಿನಲ್ಲೇ ಹಾಡುತ್ತಿದ್ದಳು, ಹೆಚ್ಚಾಗಿ ಒಂದೇ ಹಾಡನ್ನು.

ಅದು ಬಹಳ ಹಿಂದೆ ನ್ಯೂಯಾರ್ಕಿನ ಯಾವುದೋ ಸಂಗೀತ ನಾಟಕಕ್ಕೆ ಬರೆದ ಹಾಡು. ನಾಟಕವನ್ನು ಜನ ಮರೆತರು. ಹಾಡನ್ನು ಜಾಝ್‌ನವರು, ಪಾಪ್‌ನವರು ಎತ್ತಿಕೊಂಡು ತಲೆಮಾರಿನಿಂದ ತಲೆಮಾರಿಗೆ ರೆಕಾರ್ಡ್ ಮಾಡುತ್ತಲೇ ಹೋದರು. “ನಮ್ಮ ಕಡೆ ಕಂಪನಿ ನಾಟಕದ ಪದಾ ಮದುವಿ ಮನ್ಯಾಗೂ ಹಾಡ್ತಿದ್ರಲ್ಲ, ಹಂಗ ಇದು,” ಎಂದು ಆಂಟಿ ನನಗೆ ಹೆಮ್ಮೆಯಿಂದ ವಿವರಿಸಿದ್ದರು.

೨೦೨೨ರ ದೀಪಾವಳಿಗೆ ಮಗಳನ್ನು ಅವರೇ ಮನೆಗೆ ಕರೆದರು. ಅಪ್ಪನೊಂದಿಗೆ ಹೇಗಾದರೂ ಮಾತಾಡಿಸಬೇಕೆಂಬ ಆಸೆಯಿತ್ತು. ಬರುವ ದಾರಿಯಲ್ಲಿ, ಟ್ರಾಫಿಕ್ಕಿನಲ್ಲಿ ನಿಂತಿದ್ದ ಅವಳ ಕಾರಿನ ಮೇಲೆ ಹಿಂದಿನಿಂದ ಟ್ರಕ್ ನುಗ್ಗಿತು. ಅವಳು ಮನೆ ತಲುಪಲಿಲ್ಲ.

“ಬಾ ಅಂದಾಕಿ ನಾನ,” ಎಂದಷ್ಟೇ ಹೇಳುತ್ತಿದ್ದರು ಆಂಟಿ.

ಆಮೇಲೆ ಆ ಹಾಡು ಅವರನ್ನು ಎಲ್ಲಿಯೂ ಬಿಡಲಿಲ್ಲ. ಹಲ್ಲಿನ ಡಾಕ್ಟರ ವೇಟಿಂಗ್ ರೂಮಿನಲ್ಲಿ, ಕಾಫಿ ಅಂಗಡಿಯಲ್ಲಿ, ಹೊಸ ವರ್ಷದ ಜಾಹೀರಾತಿನಲ್ಲಿ. ಒಮ್ಮೆ ಇಬ್ಬರೂ ದಿನಸಿ ತರಲು ಹೋಗಿದ್ದೆವು. ತರಕಾರಿ ಆರಿಸುತ್ತಿದ್ದಾಗ ಮೇಲಿನ ಸ್ಪೀಕರಿನಲ್ಲಿ ಯಾರೋ ಒಬ್ಬಳು ಅದನ್ನು ಹಾಡತೊಡಗಿದಳು. ಆಂಟಿ ನನ್ನ ಮುಂಗೈ ಬಿಗಿಯಾಗಿ ಹಿಡಿದರು.

“ಇಕಿ ಅಲ್ಲ. ಇಕಿ ಬ್ಯಾರೆ ಯಾರೋ,” ಅಂದರು. “ಎಲ್ಲಾರೂ ಹಾಡ್ತಾರ. ಆಕಿ ಒಬ್ಬಾಕಿನ ಇಲ್ಲ.”

ಸಾಮಾನು ತುಂಬಿದ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದೆವು. ಕಾರಿನಲ್ಲಿ ಕೂತ ಮೇಲೆ ಅವರು ಕೇಳಿದ್ದು ಇದು: “ನಂಗ ಫ್ರೀವೇ ಕಲಿಸ್ತಿಯೇನು?”

ಅರವತ್ತು ದಾಟಿದ್ದ ಆಂಟಿಗೆ ಭಾನುವಾರದ ಬೆಳಗುಗಳಲ್ಲಿ ಕಲಿಸಿದೆ. ಪಕ್ಕದಲ್ಲಿ ಟ್ರಕ್ ಬಂದರೆ ಸ್ಟೀರಿಂಗಿನ ಮೇಲೆ ಬಾಗಿಬಿಡುತ್ತಿದ್ದರು. “ಸಾಕು ಆಂಟಿ, ಎಕ್ಸಿಟ್ ತಗೊಳ್ಳಿ, ಇನ್ನೊಂದ್ ದಿನ ಮಾಡೋಣ,” ಎಂದರೆ ತಲೆಯಲ್ಲಾಡಿಸಿ ಮುಂದಕ್ಕೇ ಹೋಗುತ್ತಿದ್ದರು. ಕೊನೆಗೊಂದು ಮಧ್ಯಾಹ್ನ ಲಾಸ್ ಏಂಜಲೀಸ್‌ವರೆಗೂ ಅವರೇ ಓಡಿಸಿದರು. ಇಳಿದಾಗ ಕುಪ್ಪಸದ ಬೆನ್ನು ಪೂರಾ ಒದ್ದೆಯಾಗಿತ್ತು.

ಮಗಳು ಹಾಡುತ್ತಿದ್ದ ರೆಸ್ಟೋರೆಂಟಿನಲ್ಲಿ ಪಿಯಾನೋ ನುಡಿಸುವ ಮುದುಕ ಆಂಟಿಯ ಮುಖ ನೋಡಿದ್ದೇ ಎದ್ದು ನಿಂತ. ಯಾರೆಂದು ಹೇಳಬೇಕಾಗಲಿಲ್ಲ. ಅವಳು ಆ ಹಾಡಿನ ಕೊನೆಯ ಸಾಲನ್ನು ತೀರಾ ಎಳೆಯುತ್ತಿದ್ದಳು, ಅದಕ್ಕೆ ತಾನು ದಿನಾ ಬೈಯುತ್ತಿದ್ದೆ ಎಂದ. ಅವಳು ಹಾಡುತ್ತಿದ್ದ ವೇಗದಲ್ಲೇ ನುಡಿಸಿ ಎಂದು ಆಂಟಿ ಕೇಳಿಕೊಂಡರು. ಆತ ನುಡಿಸಿದ. ಹಾಡುವವರಿರಲಿಲ್ಲ, ಪಿಯಾನೋ ಅಷ್ಟೇ. ಕೊನೆಯ ಸಾಲಿಗೆ ಬಂದಾಗ ನಿಜಕ್ಕೂ ಯಾರಿಗೋ ಕಾಯುವಂತೆ ನಿಧಾನಿಸಿದ. ಆಂಟಿ ಅಳಲಿಲ್ಲ. ಚುಕ್ಕೆಗಳು ಮಾತ್ರ ಸರಿದವು.

ಮುಂದೆ ಅವರು ಒಬ್ಬರೇ ಹೋಗಿಬರತೊಡಗಿದರು. ಎಲ್ಲಿಗೆಂದು ಅಂಕಲ್ ಕೇಳಲಿಲ್ಲ, ಇವರೂ ಹೇಳಲಿಲ್ಲ. ಸಮಾಧಾನ ಸಿಕ್ಕಿತೆಂದು ನಾನು ಬರೆಯಲಾರೆ. ಒಮ್ಮೆ ಕೇಳಿದ್ದಕ್ಕೆ, “ಸಮಾಧಾನ ಎಲ್ಲಿಂದ ಬರಬೇಕವಾ? ಆಕಿ ಕುಂತ ಜಾಗಾದಾಗ ಕುಂದರತೀನಿ, ಅಷ್ಟ,” ಅಂದಿದ್ದರು.

ಕಳೆದ ವರ್ಷ ಆಂಟಿಗೆ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾದಾಗ ಕಾಲ ಮಿಂಚಿತ್ತು. ಕೊನೆಯ ವಾರಗಳಲ್ಲಿ ಹಾಸಿಗೆಯ ಪಕ್ಕ ನಾನೂ ಇದ್ದೆ. ಒಂದು ಸಂಜೆ ಅಂಕಲ್ ಮೆಲ್ಲಗೆ, “ಆಕಿ ಹಾಡ್ತಿದ್ದ ಹಾಡು ಯಾವುದದು? ಒಂಚೂರು ಅಂದು ತೋರಸು,” ಅಂದರು.

ಆಂಟಿ ಗೋಡೆಯ ಕಡೆ ತಿರುಗಿದರು. “ಆಕಿ ಇದ್ದಾಗ ಕೇಳಬೇಕಿತ್ತರಿ. ನಾ ಹಾಡಂಗಿಲ್ಲ.”

ಹಾಡದೆಯೇ ಹೋದರು.

ತಿಂಗಳ ಮೇಲೆ ಅಂಕಲ್ ನಮ್ಮ ಬಾಗಿಲಿಗೆ ಬಂದು, ಮಗಳು ಹಾಡುತ್ತಿದ್ದ ಆ ಜಾಗಕ್ಕೆ ಒಮ್ಮೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು. ಕರೆದುಕೊಂಡು ಹೋದೆ. ರೆಸ್ಟೋರೆಂಟಿನ ಮುಂದೆ ಇಳಿದವರು ಅಲ್ಲೇ ನಿಂತುಬಿಟ್ಟರು.

“ಒಳಗ ಬರಾಕ ನಂಗ ಆಗಂಗಿಲ್ಲ. ನೀ ಹೋಗವಾ.”

ನಾನು ಒಳಗೆ ಹೋಗಿ, ಹೊರಗೆ ನಿಂತವರು ಯಾರೆಂದು ಮುದುಕನಿಗೆ ಹೇಳಿದೆ. ಆತ ಕಿಟಕಿಯಾಚೆಗೊಮ್ಮೆ ನೋಡಿ, ಪಿಯಾನೋ ಮುಂದೆ ಕೂತ. ಬೀದಿಯಲ್ಲಿ ಬಸ್ಸುಗಳ ಸದ್ದು. ನಾನು ಹಿಂದಿರುಗಿ ಬಂದು ಬೀದಿ ಕಡೆಯ ಭಾರದ ಬಾಗಿಲನ್ನು ಹೊರಕ್ಕೆ ತಳ್ಳಿ, ಹಾಡು ಪೂರ್ತಿ ಮುಗಿಯುವವರೆಗೂ ಬೆನ್ನು ಕೊಟ್ಟು ತೆರೆದೇ ಹಿಡಿದುಕೊಂಡಿದ್ದೆ.