ರಾಹುಕಾಲದಲ್ಲಿ ಹೊಡೆದ ಮೊಳೆ

ನಾನು ಅಣ್ಣ ಎಂದು ಕರೆಯುತ್ತಿದ್ದ ವಕೀಲರ ಬಲಭುಜ ಎಡಭುಜಕ್ಕಿಂತ ಬೆರಳಿನಷ್ಟು ಕೆಳಗಿತ್ತು. ಬೇರೆಯವರ ಕೇಸಿನ ಕಟ್ಟುಗಳನ್ನು ಹೊತ್ತು ಹೊತ್ತು ಹಾಗಾಗಿದೆ ಎಂದು ನಾನು ನಂಬಿದ್ದೆ. ಹುಟ್ಟಿನಿಂದಲೇ ಹಾಗಿತ್ತು ಎಂದು ಅವರ ಹೆಂಡತಿ ಆಮೇಲೆ ಹೇಳಿದರು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಆದರೆ ಅವರ ಕಪ್ಪು ಕೋಟಿನ ಬೆನ್ನು ಎರ್ನಾಕುಳಂನ ಬೆವರಿಗೆ ಮಾಸಿ ಪಾಚಿಯ ಬಣ್ಣಕ್ಕೆ ತಿರುಗಿತ್ತು ಎನ್ನುವುದು ಖಚಿತ. ಕೋರ್ಟಿನಲ್ಲಿ ಅವರ ಹಿಂದಿನ ಸಾಲಿನಲ್ಲಿ ಕೂತು ನಾನು ದಿನಾ ನೋಡುತ್ತಿದ್ದದ್ದು ಆ ಬೆನ್ನನ್ನೇ.

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಡೆಯ ಮೇಲ್ಮನವಿಗಳು ಮದರಾಸಿನ ಬದಲು ಎರ್ನಾಕುಳಂಗೆ ಬರತೊಡಗಿದವು. ಕನ್ನಡದ ದಾಖಲೆ ಓದಬಲ್ಲವರು ಬೇಕಲ್ಲ? ಹಾಗಾಗಿ ಒಬ್ಬ ಮಲಯಾಳಿ ಸೀನಿಯರ್ ಮದರಾಸಿನಿಂದ ಅವರನ್ನೂ, ಲಾ ಕಾಲೇಜು ಮುಗಿಸಿದ ನನ್ನನ್ನೂ ತಮ್ಮ ಕಚೇರಿಗೆ ಸೇರಿಸಿಕೊಂಡರು. ನಾನು ಚಿಕ್ಕ ಜೂನಿಯರ್. ನಲವತ್ತೈದು ದಾಟಿದ್ದ ಅವರು ದೊಡ್ಡ ಜೂನಿಯರ್. ಲಾಡ್ಜೊಂದರ ಮಹಡಿಯಲ್ಲಿ ಇಬ್ಬರಿಗೂ ಒಂದೇ ಕೋಣೆ. ಅವರ ಹೆಂಡತಿ, ಮಗಳು ಕಾಸರಗೋಡಿನಲ್ಲಿ. ಸ್ವಂತ ಕಚೇರಿ ತೆರೆದು, ಮನೆ ಮಾಡಿ, ಅವರನ್ನು ಕರೆಸಿಕೊಳ್ಳಬೇಕು ಎನ್ನುವುದು ಅವರ ಬಹುಕಾಲದ ಆಸೆ.

ಅದಕ್ಕೆ ಬೇಕಾದ ಬೋರ್ಡು ಕೂಡ ತಯಾರಿತ್ತು. ಮದರಾಸಿನಲ್ಲೇ ಬರೆಸಿದ್ದು, ಕಪ್ಪು ಹಲಗೆ, ಬಿಳಿ ಅಕ್ಷರ. ಹಳೆಯ ಪಂಚೆಯಲ್ಲಿ ಸುತ್ತಿ ಕಪಾಟಿನ ಹಿಂದೆ ನಿಲ್ಲಿಸಿದ್ದರು. ತೊಂದರೆಯೆಲ್ಲ ಗೋಡೆಗೆ ತೂಗುಹಾಕಿದ್ದ ಪಂಚಾಂಗದ್ದು. ಪ್ರತಿ ಭಾನುವಾರ ಕನ್ನಡಕ ಮೂಗಿಗೇರಿಸಿ, ಬೋರ್ಡು ಹಾಕಲು ಒಳ್ಳೆಯ ದಿನ ಹುಡುಕುತ್ತಾ ಅದರ ಮುಂದೆ ನಿಲ್ಲುತ್ತಿದ್ದರು.

"ಬುಧವಾರ ಆಗ್ತದಾ ಅಣ್ಣ?" ಎಂದು ನಾನು ಕೆಣಕುತ್ತಿದ್ದೆ.

"ಬುಧವಾರ ಅಷ್ಟಮಿ ಮಾರಾಯ."

"ಗುರುವಾರ?"

"ದಿನ ಒಳ್ಳೆದುಂಟು. ಆದರೆ ಮುಂದಿನ ತಿಂಗಳು ಇದಕ್ಕಿಂತ ಒಳ್ಳೆದೊಂದು ಉಂಟು."

"ಆ ಪಂಚಾಂಗವನ್ನೇ ಬೋರ್ಡು ಮಾಡಿ ಹೊರಗೆ ತೂಗು ಹಾಕಿ."

"ನಿನಗೆ ಯೂನಿವರ್ಸಿಟಿಯವರು ದೇವರನ್ನು ಬಿಡ್ಲಿಕ್ಕೆ ಕಲಿಸಿದ್ರು, ದೊಡ್ಡವರತ್ರ ಮಾತಾಡ್ಲಿಕ್ಕೆ ಕಲಿಸ್ಲಿಲ್ಲ," ಎಂದು ನಗುತ್ತಿದ್ದರು.

ಕೋರ್ಟಿನಲ್ಲೂ ಅವರ ಕೆಲಸ ಹೀಗೆ ಮುಂದೂಡುವುದೇ ಆಗಿಬಿಟ್ಟಿತ್ತು. ಸೀನಿಯರ್ ಬೇರೆಡೆ ಇದ್ದಾಗ ಎದ್ದು ನಿಂತು ವಾಯಿದೆ ಕೇಳುವುದು. ಅಷ್ಟು ವಿನಯದಿಂದ ಕೇಳುವಾಗ ಯಾವ ನ್ಯಾಯಾಧೀಶರೂ ಇಲ್ಲವೆನ್ನುತ್ತಿರಲಿಲ್ಲ. ಬಾರ್‌ ರೂಮಿನಲ್ಲಿ ಅವರನ್ನು ವಾಯಿದೆ ವಕೀಲರೆಂದೇ ಕರೆಯುತ್ತಿದ್ದರು. ಅವರಿಗೂ ಅದು ಗೊತ್ತಿತ್ತು.

ಒಂದು ಬೆಳಿಗ್ಗೆ ಸೀನಿಯರ್ ತಮ್ಮ ಮಗನ ಓದು ಮುಗಿಯಿತೆಂದೂ, ಇನ್ನು ಕಚೇರಿಯನ್ನು ಅವನೇ ನೋಡಿಕೊಳ್ಳುತ್ತಾನೆಂದೂ ಹೇಳಿ, "ನಿಮ್ಮ ಮೇಜು ಕಿಟಕಿಯ ಹತ್ತಿರದಿಂದ ಸ್ವಲ್ಪ ಒಳಗೆ ಸರಿಸಬಹುದಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ದೊಡ್ಡ ಜೂನಿಯರ್ "ಯೆಸ್ ಸರ್" ಎಂದು ತಾವೇ ಮೇಜಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ನಾನು ಹಿಡಿದೆ. ಇನ್ನು ಇಲ್ಲೇ ಉಳಿದರೆ, ನನ್ನ ವಯಸ್ಸಿನ ಹುಡುಗನ ಕೈಕೆಳಗೆ ಅವರ ಮಿಕ್ಕ ಬದುಕು ಮುಗಿಯುತ್ತದೆ ಎಂದು ನನಗೆ ಸ್ಪಷ್ಟವಾಗಿತ್ತು. ಅವರಿಗೂ ಆಗಿರಬೇಕು. ಆ ಭಾನುವಾರ ಪಂಚಾಂಗ ನೋಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಮ್ಮಿಬ್ಬರನ್ನು ತಿರುವನಂತಪುರಕ್ಕೆ ಕಳಿಸಿದರು. ಕಾಸರಗೋಡಿನ ವಿಧವೆಯೊಬ್ಬರ ಕುಮ್ಕಿ ಜಾಗದ ಮೇಲ್ಮನವಿ, ಕಂದಾಯದ ಹಿರಿಯ ಅಧಿಕಾರಿಯ ಮುಂದೆ. ಕುಮ್ಕಿ ಎಂದರೆ ಸಾಗುವಳಿಯ ಗದ್ದೆಗೆ ತಾಗಿದ ಕಾಡುಜಾಗ. ಗದ್ದೆಯವರು ಅಲ್ಲಿಂದ ಸೊಪ್ಪು ಸೌದೆ ತರಬಹುದು. ಸೀನಿಯರ್ ಹೇಳಿದ್ದು ಒಂದೇ: "ಒಂದು ದಿನಾಂಕ ತೆಗೆದುಕೊಂಡು ಬನ್ನಿ."

ನಮ್ಮ ಸರದಿ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಇವರು ಎದ್ದು ಎಂದಿನ ವಿನಯದಿಂದ ಶುರುಮಾಡಿದರು. ತಿರುವಿತಾಂಕೂರಿನವರಾದ ಅಧಿಕಾರಿ ಕೈ ಎತ್ತಿ ತಡೆದರು. "ಕಾಲಾವಕಾಶ ಆಮೇಲೆ. ಈ ಕುಮ್ಕಿ ಅಂದರೇನು, ಅದನ್ನು ಮೊದಲು ಹೇಳಿ. ನನಗೆ ಯಾರೂ ತಿಳಿಸಿಲ್ಲ."

ಇವರು ಹೇಳಿದರು. ಮೊದಲು ಕಾನೂನಿನ ಮಾತು, ಆಮೇಲೆ ತಮ್ಮ ತಾಯಿಯ ಮಾತು. ತಾಯಿ ಬೆಳಿಗ್ಗೆ ಸೊಪ್ಪಿನ ಹೊರೆ ತಂದು ದನದ ಹಟ್ಟಿಗೆ ಹಾಸುತ್ತಿದ್ದದ್ದು, ಆ ಸೊಪ್ಪು ಗೊಬ್ಬರವಾಗಿ ಗದ್ದೆಗೆ ಹೋಗುತ್ತಿದ್ದದ್ದು. "ಈ ಹೆಂಗಸಿನ ಕುಮ್ಕಿ ಹೋದರೆ ಗದ್ದೆ ಕಾಗದದಲ್ಲಿ ಉಳಿಯುತ್ತದೆ, ಬೆಳೆ ಉಳಿಯುವುದಿಲ್ಲ," ಎಂದರು. ಕಟ್ಟು ಬಿಚ್ಚಲೇ ಇಲ್ಲ. ಅಧಿಕಾರಿ ಪ್ರಶ್ನೆ ಕೇಳುತ್ತಾ ಹೋದರು, ಇವರು ಉತ್ತರಿಸುತ್ತಾ ಹೋದರು. ವಾಯಿದೆ ಕೇಳುವುದು ಇಬ್ಬರಿಗೂ ಮರೆತುಹೋಯಿತು. ಆ ವಾದ ಈಗ ನನ್ನ ತಲೆಯಲ್ಲಿ ಇನ್ನಷ್ಟು ಚಂದವಾಗಿ ಬೆಳೆದಿರಬಹುದು. ಆದರೆ ಆಮೇಲೆ ಬಂದ ಆದೇಶ ಆ ವಿಧವೆಯ ಪರವಾಗಿತ್ತು. ಅದನ್ನು ನನ್ನ ನೆನಪು ಕಟ್ಟಿದ್ದಲ್ಲ.

ವಾಪಸು ಬರುವಾಗ ರೈಲು ಕೊಲ್ಲಂ ದಾಟಿತು. ಅವರು ಕೇಳಿದರು: "ನಾನು ಎದ್ದು ನಿಂತದ್ದು ಯಾವ ಹೊತ್ತಿಗೆ ಗೊತ್ತುಂಟಾ? ಮಂಗಳವಾರ, ರಾಹುಕಾಲ. ಅಮಾವಾಸ್ಯೆ ಬೇರೆ."

"ಹಾಗಾದ್ರೆ ರಾಹುಕಾಲ ಸುಳ್ಳು ಅಂತ ಆಯ್ತಲ್ಲ ಅಣ್ಣ."

"ಸುಳ್ಳಲ್ಲ ಮಾರಾಯ. ನಾನು ತಪ್ಪು ಲೆಕ್ಕ ಹಾಕಿದ್ದು. ಒಳ್ಳೆ ದಿನಕ್ಕೆ ಕಾದ್ರೆ ಅದಕ್ಕಿಂತ ಒಳ್ಳೆದು ಮುಂದೆ ಒಂದು ಇದ್ದೇ ಇರ್ತದೆ. ಕೆಟ್ಟ ದಿನಕ್ಕೆ ಆ ಉಪದ್ರ ಇಲ್ಲ. ಬರುವ ಮಂಗಳವಾರವೇ ಆಗಲಿ."

ನಾನು ನಂಬಲಿಲ್ಲ. ಆದರೆ ಆ ವಾರ ಕೆಲಸ ಬಿಡುವುದಾಗಿ ಸೀನಿಯರ್‌ಗೆ ಹೇಳಿ, ಹೈಕೋರ್ಟಿನ ಹತ್ತಿರವೇ ಕೊಬ್ಬರಿ ಅಂಗಡಿಯ ಮೇಲಿನ ಕೋಣೆ ಹಿಡಿದರು. ಮಂಗಳವಾರ ಮೂರರ ಮೇಲೆ ಬೋರ್ಡು ಹಿಡಿದು ಸ್ಟೂಲು ಹತ್ತಿದರು. ಕೆಳಗಿನಿಂದ ಅಂಗಡಿಯ ಮಾಲೀಕ, ಈಗ ರಾಹುಕಾಲವಲ್ಲವೇ ಎಂದು ಗಾಬರಿಯಿಂದ ಕೂಗಿದ: "ಅಯ್ಯೋ ಸಾರೇ, ಇಪ್ಪೋಳ್ ರಾಹುಕಾಲಂ ಅಲ್ಲೇ?"

"ಅದುಕೊಂಡಾಣ್!" ಎಂದು ಇವರು ಮೇಲಿನಿಂದ ಕೂಗಿದರು. ಅದಕ್ಕೋಸ್ಕರವೇ, ಎಂದು.

ಮೊಳೆ ಹಿಡಿದವರು ಒಮ್ಮೆ ದೇವರ ಹೆಸರು ಹೇಳಿ ಸುತ್ತಿಗೆ ಎತ್ತಿದರು. ನಾನಾದರೆ ಆ ಹೊತ್ತಿನಲ್ಲಿ ಹತ್ತು ಮೊಳೆ ಹೊಡೆದುಬಿಡುತ್ತಿದ್ದೆ. ನನಗೆ ಅದು ಬರೀ ಮೂರು ಗಂಟೆ. ಅವರಿಗೆ ಅದು ನಿಜವಾದ ರಾಹುಕಾಲ. ಹೆದರಿಕೆ ಹೋದ ಮೇಲೆ ಹೊಡೆದದ್ದಲ್ಲ, ಹೆದರಿಕೊಂಡೇ ಹೊಡೆದರು. ನಾನು ಓದಿದ ಯಾವ ತರ್ಕಶಾಸ್ತ್ರದಲ್ಲೂ ಇಷ್ಟು ಧೈರ್ಯ ಕಂಡಿರಲಿಲ್ಲ.

ಮುಂದಿನ ತಿಂಗಳು ಹೆಂಡತಿ, ಮಗಳು ಬಂದರು. ಸ್ವಂತ ಕಚೇರಿಯಲ್ಲಿ ಅವರು ಬಹಳ ವರ್ಷ ಕೆಲಸ ಮಾಡಿದರು. ನಾನು ಸ್ವಂತ ಕಚೇರಿ ತೆರೆದಾಗ ಮೊದಲು ಬಂದು ಕುರ್ಚಿ ಎಳೆದು ಕೂತವರೂ ಅವರೇ. ಈಗ ಅವರಿಲ್ಲ. ಅವರು ತೀರಿಕೊಂಡ ದಿನ ನನಗೆ ನೆನಪಾದದ್ದು ಅವರ ಹೆಸರಿನಲ್ಲಿ ದಾಖಲಾದ ಮೊದಲ ಕೇಸು ಹೈಕೋರ್ಟಿನಲ್ಲಿ ಕರೆಗೆ ಬಂದ ಬೆಳಿಗ್ಗೆ. ತಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ ಎಂದು ಅವರ ಹೆಂಡತಿ ಹೇಳುತ್ತಾರೆ. ನಾನು ನೋಡಿದ ನೆನಪಿಲ್ಲ. ನನ್ನ ಕಣ್ಣು ಅವರ ಮೇಲಿತ್ತು.

ಯಾರ ಪರವಾಗಿ ಯಾರು ಹಾಜರಿದ್ದೀರಿ ಎಂದು ನ್ಯಾಯಮೂರ್ತಿಗಳು ಕೇಳಿದರು. ಇವರು ಎದ್ದರು. ವರ್ಷಗಳ ಅಭ್ಯಾಸ, ನಾಲಗೆ ಸೀನಿಯರ್ ಹೆಸರಿನ ಮೊದಲ ಅಕ್ಷರಕ್ಕೆ ಹೋಗಿ ನಿಂತಿತು. ಒಮ್ಮೆ ಗಂಟಲು ಸರಿಪಡಿಸಿಕೊಂಡರು. ಆಮೇಲೆ ತಮ್ಮ ಹೆಸರನ್ನು, ಊರು ಮತ್ತು ತಂದೆಯ ಹೆಸರಿನ ಸಮೇತ, ಹೊರಗಿನ ವರಾಂಡದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು.

ನ್ಯಾಯಮೂರ್ತಿಗಳು ತಲೆಯೆತ್ತಿ ನಕ್ಕರು. "ಕೇಳಿಸಿತು. ಮುಂದುವರಿಸಿ."

ಅವರು ಮುಂದುವರಿಸಿದರು.